ಕಣ್ಣು ದಾಟಿದ್ದು, ಬೆಳ್ಳಿ ಹಿಡಿದದ್ದು

ಮೈಸೂರಿನಿಂದ ನಂಜನಗೂಡಿಗೆ ಬಂದವರು ಎಲ್ಲೆಲ್ಲಿ ಕ್ಯಾಮೆರಾ ಹೊರತೆಗೆಯುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಶ್ರೀಕಂಠೇಶ್ವರನ ಗೋಪುರ, ಕಪಿಲೆಯ ಸ್ನಾನಘಟ್ಟ, 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ ಹಳೇ ಸೇತುವೆ, ದೊಡ್ಡ ಜಾತ್ರೆಯ ತೇರು. ಅದೇ ತಾಲ್ಲೂಕಿನ ತಾಂಡ್ಯ ಕೈಗಾರಿಕಾ ಪ್ರದೇಶಕ್ಕೆ ಫೋಟೋ ತೆಗೆಯಲೆಂದು ಯಾರೂ ಬರುವುದಿಲ್ಲ. ಅಲ್ಲಿರುವುದು ಉದ್ದುದ್ದ ಕಾಂಪೌಂಡು ಗೋಡೆ, ಸೆಕ್ಯುರಿಟಿ ಗೇಟು, ತಗಡಿನ ಶೀಟು ಹೊದಿಸಿದ ಟೀ ಅಂಗಡಿ, ಸರದಿ ಕಾಯುವ ಲಾರಿ, ಕರೆಂಟ್ ಕಂಬಕ್ಕೆ ಅಂಟಿಸಿದ ‘ಕೆಲಸಕ್ಕೆ ಬೇಕಾಗಿದ್ದಾರೆ’ ಚೀಟಿ, ಶಿಫ್ಟ್ ಬಿಟ್ಟ ಹೊತ್ತಿಗೆ ರಸ್ತೆ ತುಂಬುವ ಜನ. ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರು ಎಚ್ಚರವಿರುವ ಹೊತ್ತಿನ ಅರ್ಧವನ್ನು ಕಳೆಯುವ ಜಾಗ ಇದು. ಆದರೂ ಇದರ ಚಿತ್ರ ಯಾರ ಮನೆಯ ಆಲ್ಬಮ್ಮಿನಲ್ಲೂ ಇಲ್ಲ.

ದಿನವೂ ಎದುರಾಗುವ ಜಾಗ ಕಣ್ಣಿಗೆ ಬೀಳದೆ ಹೋಗುವುದು ಹೇಗೆ? ಹಳೇ ಫಿಲ್ಮ್ ಕ್ಯಾಮೆರಾ ಹಿಡಿದು ನಿಂತರೆ ಅದೇ ಜಾಗ ಬೇರೆಯಾಗಿ ಕಾಣುವುದು ಯಾಕೆ? ಮೊದಲನೆಯ ಪ್ರಶ್ನೆಗೆ ಉತ್ತರ ನಮ್ಮ ಮಿದುಳಿನಲ್ಲಿದೆ, ಎರಡನೆಯದಕ್ಕೆ ಬೆಳ್ಳಿಯ ರಸಾಯನಶಾಸ್ತ್ರದಲ್ಲಿದೆ.

ಕಣ್ಣು ಬಿಟ್ಟುಬಿಡುವ ಲೆಕ್ಕ

ನಮ್ಮ ಒಂದೊಂದು ಕಣ್ಣಿನ ಅಕ್ಷಿಪಟಲದಲ್ಲೂ ಬೆಳಕನ್ನು ಗ್ರಹಿಸುವ ಕೋಶಗಳು ಹನ್ನೆರಡು ಕೋಟಿಗೂ ಹೆಚ್ಚು. ಅಲ್ಲಿಂದ ಮಿದುಳಿಗೆ ಸುದ್ದಿ ಒಯ್ಯುವ ದೃಷ್ಟಿನರದ ಎಳೆಗಳು ಹತ್ತು ಹನ್ನೆರಡು ಲಕ್ಷ ಮಾತ್ರ. ನೂರು ಕೋಶಗಳ ಸುದ್ದಿ ಸರಾಸರಿ ಒಂದೇ ಎಳೆಯಲ್ಲಿ ಹೋಗಬೇಕು. ಅಂದಮೇಲೆ ಆಯ್ಕೆ, ಸಂಕ್ಷೇಪ, ಕೈಬಿಡುವಿಕೆ ಕಣ್ಣಿನಲ್ಲೇ ಶುರುವಾಗುತ್ತವೆ. ಸ್ಪಷ್ಟ ನೋಟ ದಕ್ಕುವುದು ಅಕ್ಷಿಪಟಲದ ನಡುವಿನ ಒಂದು ಸಣ್ಣ ಗುಳಿಗಷ್ಟೇ. ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರು ಎಷ್ಟು ಜಾಗವನ್ನು ಮರೆಮಾಡುತ್ತದೋ ಸುಮಾರು ಅಷ್ಟು ಮಾತ್ರ ಒಂದು ಕ್ಷಣದಲ್ಲಿ ನಮಗೆ ಸ್ಫುಟವಾಗಿ ಕಾಣುತ್ತದೆ. ಮಿಕ್ಕಿದ್ದನ್ನು ಮಿದುಳು ಹಿಂದಿನ ಅನುಭವದಿಂದ ತುಂಬಿಕೊಳ್ಳುತ್ತದೆ.

ಬದಲಾಗದೆ ಇರುವುದನ್ನು ನರವ್ಯೂಹ ಬೇಗ ಮರೆಯುತ್ತದೆ. ಒಂದೇ ಬಿಂದುವಿನ ಮೇಲೆ ದೃಷ್ಟಿ ನೆಟ್ಟು ಕುಳಿತರೆ ಅಂಚಿನಲ್ಲಿರುವ ಮಸುಕು ಆಕೃತಿಗಳು ಕೆಲವೇ ಸೆಕೆಂಡುಗಳಲ್ಲಿ ಕರಗಿಹೋಗುತ್ತವೆ ಎಂದು ಸ್ವಿಟ್ಜರ್ಲೆಂಡ್ ಮೂಲದ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಬರೆದಿಟ್ಟ. ಮರೆವು ಕಣ್ಣಿಗಷ್ಟೇ ಸೀಮಿತವಲ್ಲ, ನೆನಪಿನಲ್ಲೂ ಇದೆ. 1979ರಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಒಂದು ಸೆಂಟ್ ನಾಣ್ಯದ ಹಲವು ಚಿತ್ರಗಳನ್ನು ಜನರ ಮುಂದಿಟ್ಟರು. ಸರಿಯಾದದ್ದು ಒಂದೇ, ಉಳಿದವುಗಳಲ್ಲೆಲ್ಲ ಏನಾದರೊಂದು ತಪ್ಪು. ಹುಟ್ಟಿದಾಗಿನಿಂದ ಕೈಯಲ್ಲಾಡಿದ ನಾಣ್ಯವನ್ನು ಅರ್ಧಕ್ಕಿಂತ ಹೆಚ್ಚು ಮಂದಿ ಗುರುತಿಸಲಾರದೆ ಹೋದರು. ಹತ್ತು ರೂಪಾಯಿಯ ನಾಣ್ಯವನ್ನು ನೋಡದೆ ಒಮ್ಮೆ ಬರೆದು ನೋಡಿ, ನಮ್ಮ ಪಾಡೂ ಅಷ್ಟೇ ಎಂದು ತಿಳಿಯುತ್ತದೆ. ಗುರುತು ಹಿಡಿಯಲು, ದಾಟಿಹೋಗಲು ಎಷ್ಟು ಬೇಕೋ ಅಷ್ಟನ್ನೇ ಮಿದುಳು ಇಟ್ಟುಕೊಳ್ಳುತ್ತದೆ. ಕೆಲಸಕ್ಕೆ ಹೋಗುವ ದಾರಿ, ಗೇಟು, ಬಸ್ ಸ್ಟಾಪು ಎಲ್ಲವೂ ಈ ಮಿತವ್ಯಯಕ್ಕೆ ಮೊದಲು ಬಲಿಯಾಗುತ್ತವೆ.

ಹಾಗಾದರೆ ಮೊಬೈಲಿನಲ್ಲಿ ಹತ್ತಾರು ಫೋಟೋ ತೆಗೆದರಾಯಿತಲ್ಲ? ಅದು ಅಷ್ಟು ಸರಳವಲ್ಲ. ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮ್ಯೂಸಿಯಂ ಸುತ್ತಿದ ವಿದ್ಯಾರ್ಥಿಗಳು, ತಾವು ಫೋಟೋ ತೆಗೆದ ವಸ್ತುಗಳನ್ನು ಬರಿಗಣ್ಣಲ್ಲಿ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿಟ್ಟುಕೊಂಡಿದ್ದರು. ಆದರೆ ವಸ್ತುವಿನ ಒಂದು ಭಾಗವನ್ನು ಆರಿಸಿಕೊಂಡು ಹತ್ತಿರದಿಂದ ತೆಗೆದವರಲ್ಲಿ ಈ ಮರೆವು ಕಾಣಲಿಲ್ಲ. ಯಂತ್ರಕ್ಕೆ ವಹಿಸಿ ಮುಂದೆ ಹೋದವರಿಗೆ ಮರೆವು, ನಿಂತು ಆರಿಸಿದವರಿಗೆ ನೆನಪು. ನಿಂತು ಆರಿಸುವುದನ್ನು ಬಿಟ್ಟರೆ ಬೇರೆ ದಾರಿಯನ್ನೇ ಕೊಡದ ಯಂತ್ರವೊಂದಿದೆ.

ತಲೆ ಬಗ್ಗಿಸಿ ನೋಡುವ ಕ್ಯಾಮೆರಾ

ನನ್ನ ಬಳಿ ಇರುವುದು ಯಾಶಿಕಾ ಮ್ಯಾಟ್-124ಜಿ. ಒಂದು ಕಾಲಕ್ಕೆ ನಮ್ಮ ಊರುಗಳ ಸ್ಟುಡಿಯೋಗಳಲ್ಲಿ, ಮದುವೆ ಮನೆಗಳಲ್ಲಿ ಕಂಡ ಕ್ಯಾಮೆರಾ ಇದು. ಮುಂದುಗಡೆ ಒಂದರ ಮೇಲೊಂದು ಎರಡು ಲೆನ್ಸು. ಮೇಲಿನದು ನೋಡಲು, ಕೆಳಗಿನದು ತೆಗೆಯಲು. ಮೇಲಿನ ಲೆನ್ಸಿನಿಂದ ಬಂದ ಬೆಳಕು ಓರೆಯಾಗಿಟ್ಟ ಕನ್ನಡಿಗೆ ತಾಗಿ, ಮೇಲ್ಭಾಗದ ಮಬ್ಬುಗಾಜಿನ ಮೇಲೆ ಬೀಳುತ್ತದೆ. ಕ್ಯಾಮೆರಾವನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು ತಲೆ ಬಗ್ಗಿಸಿ ನೋಡಬೇಕು. ಕನ್ನಡಿ ಒಂದೇ ಇರುವುದರಿಂದ ಚಿತ್ರ ನೆಟ್ಟಗಿದ್ದರೂ ಎಡ ಬಲ ಅದಲುಬದಲು. ಗೇಟಿನಿಂದ ಬಲಕ್ಕೆ ಹೊರಟ ಲಾರಿ ಗಾಜಿನಲ್ಲಿ ಎಡಕ್ಕೆ ಹೋಗುತ್ತದೆ. ರೂಢಿಯ ನೋಟ ಇಲ್ಲಿ ಕೆಲಸಕ್ಕೆ ಬಾರದು. ಮಿದುಳು ತನ್ನ ಹಳೆಯ ಅಂದಾಜುಗಳನ್ನು ಬದಿಗಿಟ್ಟು ಪ್ರತಿ ಗೆರೆಯನ್ನೂ ಹೊಸದಾಗಿ ಓದಬೇಕಾಗುತ್ತದೆ.

120 ಅಳತೆಯ ಒಂದು ರೋಲಿನಲ್ಲಿ ಬರುವುದು ಹನ್ನೆರಡೇ ಚಿತ್ರ. ಕ್ಯಾಮೆರಾದೊಳಗಿನ ಲೈಟ್‌ಮೀಟರು 1.35 ವೋಲ್ಟಿನ ಪಾದರಸದ ಬ್ಯಾಟರಿ ನಂಬಿಕೊಂಡದ್ದು. ಪಾದರಸ ವಿಷವೆಂದು ಆ ಬ್ಯಾಟರಿಗಳು ಮಾರುಕಟ್ಟೆಯಿಂದ ಮರೆಯಾದವು. 1.5 ವೋಲ್ಟಿನದು ಹಾಕಿದರೆ ಅಳತೆ ತಪ್ಪುತ್ತದೆ. ಹಾಗಾಗಿ ಬೆಳಕನ್ನು ಕಣ್ಣಳತೆಯಲ್ಲೇ ಕಟ್ಟಬೇಕು. ಹಳೇ ಫೋಟೋಗ್ರಾಫರುಗಳ ಸೂತ್ರ ಸುಲಭ. ನಿಚ್ಚಳ ಬಿಸಿಲಿನಲ್ಲಿ ಅಪರ್ಚರು 16ಕ್ಕೆ ಇಟ್ಟು, ಫಿಲ್ಮಿನ ವೇಗ 100 ಇದ್ದರೆ ಶಟರನ್ನು ಸೆಕೆಂಡಿನ 125ನೇ ಒಂದು ಭಾಗಕ್ಕೆ ಇಡುವುದು. ತೆಳುಮೋಡಕ್ಕೆ 11, ಮೋಡ ಮುಚ್ಚಿದ್ದರೆ 8, ಬಯಲಿನ ನೆರಳಿಗೆ 5.6. ಒಂದೊಂದು ಮೆಟ್ಟಿಲು ಇಳಿದಾಗಲೂ ಒಳಗೆ ಬರುವ ಬೆಳಕು ಇಮ್ಮಡಿ. ಹೊತ್ತು ಏರಿದಂತೆ ತಾಂಡ್ಯದ ಕಾಂಪೌಂಡು ಗೋಡೆಯ ನೆರಳು ಎಷ್ಟು ಸರಿಯಿತು, ತಗಡಿನ ಶೀಟಿನಿಂದ ತಿರುಗಿದ ಬೆಳಕು ಯಾರ ಮುಖದ ಮೇಲೆ ಬಿತ್ತು ಎಂದು ಗಮನಿಸದೆ ಈ ಲೆಕ್ಕ ಕೂಡಿಬರುವುದಿಲ್ಲ.

ನಾಲ್ಕು ಪರಮಾಣು

ಫಿಲ್ಮೆಂದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬಳಿದ ಜಿಲಾಟಿನ್. ಅದರೊಳಗೆ ಹರಡಿಕೊಂಡಿರುವುದು ಬೆಳ್ಳಿಯ ಬ್ರೋಮೈಡಿನ ಹರಳುಗಳು. ಒಂದೊಂದೂ ಮಿಲಿಮೀಟರಿನ ಸಾವಿರದೊಂದು ಪಾಲಿನ ಆಸುಪಾಸು. ಹರಳಿಗೆ ಬೆಳಕಿನ ಒಂದು ಕಣ ತಾಗಿದರೆ ಬ್ರೋಮೈಡಿನಿಂದ ಒಂದು ಎಲೆಕ್ಟ್ರಾನು ಬಿಡುಗಡೆಯಾಗುತ್ತದೆ. ಅದು ಹರಳಿನೊಳಗೆ ಅಲೆದು, ಎಲ್ಲಾದರೊಂದು ಕಡೆ ಸಿಕ್ಕಿಬೀಳುತ್ತದೆ. ಅಲ್ಲಿಗೆ ಧನಾವೇಶದ ಬೆಳ್ಳಿಯ ಅಯಾನು ಬಂದು ಸೇರಿ ಬೆಳ್ಳಿಯ ಒಂದು ಪರಮಾಣುವಾಗುತ್ತದೆ. ಬ್ರಿಸ್ಟಲ್‌ನ ಭೌತವಿಜ್ಞಾನಿಗಳಾದ ಗರ್ನಿ ಮತ್ತು ಮಾಟ್ 1938ರಲ್ಲಿ ಕೊಟ್ಟ ವಿವರಣೆ ಇದು. ಒಂದೇ ಪರಮಾಣು ಬಹಳ ಹೊತ್ತು ನಿಲ್ಲದು, ಮತ್ತೆ ಕರಗಿಹೋಗುತ್ತದೆ. ಒಂದೇ ಜಾಗದಲ್ಲಿ ಸುಮಾರು ನಾಲ್ಕು ಕೂಡಿದರೆ ಗುರುತು ಗಟ್ಟಿ. ಈ ಗುರುತು ಕಣ್ಣಿಗೂ ಕಾಣದು, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದು. ಆದರೆ ಡೆವಲಪರಿನಲ್ಲಿ ಅದ್ದಿದಾಗ, ಆ ನಾಲ್ಕು ಪರಮಾಣುಗಳಿರುವ ಹರಳು ಮಾತ್ರ ಇಡಿಯಾಗಿ ಲೋಹದ ಬೆಳ್ಳಿಯಾಗುತ್ತದೆ. ಒಂದು ಹರಳಿನಲ್ಲಿ ಬೆಳ್ಳಿಯ ಅಯಾನುಗಳು ನೂರು ಕೋಟಿಗೂ ಹೆಚ್ಚು ಇರಬಹುದು. ನಾಲ್ಕು ಪರಮಾಣುಗಳ ಸುಳಿವು ಕೋಟಿಗಟ್ಟಲೆ ಪಟ್ಟು ಹಿಗ್ಗಿ ಕಣ್ಣಿಗೆ ಕಾಣುವ ಕಪ್ಪಾಗುತ್ತದೆ.

ಎಲೆಕ್ಟ್ರಾನು ಸಿಕ್ಕಿಬೀಳುವ ಆ ಜಾಗದ್ದೇ ಒಂದು ಕಥೆ. ಜಿಲಾಟಿನ್ ದನದ ಮೂಳೆ ಚರ್ಮಗಳಿಂದ ಬರುತ್ತದೆ. ಕೆಲವು ಜಿಲಾಟಿನ್ ಬಳಸಿದರೆ ಫಿಲ್ಮು ಚುರುಕು, ಕೆಲವು ಬಳಸಿದರೆ ಮಂದ, ಯಾಕೆಂದು ತಯಾರಕರಿಗೆ ತಿಳಿದಿರಲಿಲ್ಲ. ಕೊಡಾಕ್ ಕಂಪನಿಯ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ 1925ರಲ್ಲಿ ಕಾರಣ ಹೊರಗೆಳೆದ. ಸಾಸಿವೆಯ ಜಾತಿಯ ಗಿಡಗಳಿಂದ ಬರುವ ಗಂಧಕದ ಸಂಯುಕ್ತಗಳು ದನದ ಮೇವಿನ ಮೂಲಕ ಜಿಲಾಟಿನ್ ಸೇರಿ, ಹರಳಿನ ಮೇಲೆ ಬೆಳ್ಳಿಯ ಸಲ್ಫೈಡಿನ ಸಣ್ಣ ಚುಕ್ಕೆಗಳಾಗುತ್ತಿದ್ದವು. ಅಲೆಯುವ ಎಲೆಕ್ಟ್ರಾನುಗಳನ್ನು ಹಿಡಿಯುತ್ತಿದ್ದುದು ಆ ಚುಕ್ಕೆಗಳೇ. ಸಾಸಿವೆಯ ಘಾಟು ಫಿಲ್ಮಿನ ಕಣ್ಣು ತೆರೆಸಿತ್ತು.

ಮಧ್ಯಾಹ್ನದ ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ತಾಂಡ್ಯದ ಒಂದು ಶೀಟಿನ ಅಂಗಡಿಯ ಮುಂದೆ ನಿಂತರೆ ಈ ನಾಲ್ಕು ಪರಮಾಣುಗಳ ಬೆಲೆ ತಿಳಿಯುತ್ತದೆ. ಹೊರಗೆ ಕಣ್ಣು ಕೋರೈಸುವ ಬಿಸಿಲು. ಒಳಗೆ ಹೊಗೆ ಹಿಡಿದು ಕಪ್ಪಾದ ತಗಡು, ಗ್ಯಾಸ್ ಒಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ, ಗಾಜಿನ ಭರಣಿಯಲ್ಲಿ ಬನ್ನು, ಮೊಳೆಗೆ ನೇತುಹಾಕಿದ ಟೀ ಸೋಸುವ ಬಟ್ಟೆ. ಹೊರಗಿನ ಬೆಳಕು ಒಳಗಿನದರ ಮೂವತ್ತು ಪಟ್ಟಿಗೂ ಹೆಚ್ಚಿರುತ್ತದೆ. ಕ್ಯಾಮೆರಾ ನೋಡಿ ಅಂಗಡಿಯ ಅಕ್ಕ ಕೇಳಿದರು:

“ಇದ್ನ ಯಾಕ್ ತೆಗೀತಿದ್ದೀರಿ ಸಾ? ಗುಡಿ ತಾವ್ಕೋಗಿ, ಗೋಪುರ ತೆಗೀರಿ.”

“ಬೆಳಿಗ್ಗೆ ಎಷ್ಟೊತ್ತಿಗೆ ಒಲೆ ಹಚ್ತೀರಕ್ಕ?”

“ನಾಕ್ ಗಂಟ್ಗೆ. ಫಸ್ಟ್ ಶಿಫ್ಟ್‌ನೋರ್ಗೆ ಟೀ ಬೇಕಲ್ವಾ.”

ಬಿಸಿಲಿನ ಲೆಕ್ಕದಲ್ಲಿ ಶಟರು ಒತ್ತಿದ್ದರೆ ರಸ್ತೆ, ಬಸ್ಸು, ಆಕಾಶ ಚೆನ್ನಾಗಿ ಬರುತ್ತಿದ್ದವು. ಅಕ್ಕ ಇರುವ ಜಾಗದ ಹರಳುಗಳಿಗೆ ನಾಲ್ಕು ಪರಮಾಣು ಕೂಡುವಷ್ಟು ಬೆಳಕು ಸಿಗುತ್ತಿರಲಿಲ್ಲ. ಆ ಕೊರತೆಯನ್ನು ಮುಂದೆ ಯಾವ ಡೆವಲಪರೂ ತುಂಬಿಕೊಡಲಾರದು, ಅಲ್ಲಿ ಫಿಲ್ಮು ಬರಿದಾಗಿಯೇ ಉಳಿಯುತ್ತದೆ. ಬೆಳಕು ಹೆಚ್ಚಾದರೆ ಕಪ್ಪು ಬಿಳುಪು ನೆಗೆಟಿವ್ ತಾಳಿಕೊಳ್ಳುತ್ತದೆ, ಕಡಿಮೆಯಾದರೆ ತಾಳಿಕೊಳ್ಳದು. ಆದ್ದರಿಂದ ಬಲ್ಲವರು ಎಕ್ಸ್‌ಪೋಶರನ್ನು ನೆರಳಿಗೆ ಇಡುತ್ತಾರೆ. ನಾನೂ ಅಪರ್ಚರನ್ನು 4ಕ್ಕೆ ತೆರೆದು, ಶಟರನ್ನು 60ಕ್ಕೆ ಇಳಿಸಿ, ಒಲೆಯ ಹಿಂದಿನ ಮುಖಕ್ಕೆ ಫೋಕಸ್ ಮಾಡಿದೆ. ಕಡೆಗಣಿಸಿದ ಜಾಗಗಳನ್ನು ಫಿಲ್ಮಿನಲ್ಲಿ ಹಿಡಿಯುವವರಿಗೆ ಇದಕ್ಕಿಂತ ದೊಡ್ಡ ನಿಯಮ ಇನ್ನೊಂದಿಲ್ಲ. ಬಿಸಿಲಿನಲ್ಲಿರುವುದು ತಾನಾಗಿಯೇ ದಾಖಲಾಗುತ್ತದೆ, ನೆರಳಿನಲ್ಲಿರುವವರಿಗೆ ನಾವು ಬೆಳಕನ್ನು ಲೆಕ್ಕಹಾಕಿ ಕೊಡಬೇಕು.

ಬೆಳಕಿನಿಂದ ರಾಸಾಯನಿಕ ಗುರುತು ಮೂಡಿಸುವ ಈ ವಿದ್ಯೆ ಕಾರ್ಖಾನೆಗಳ ಒಳಗೂ ನಡೆಯುತ್ತದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿರುವ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ ತಯಾರಿಸುತ್ತದೆ. ಇಂಥ ಬೋರ್ಡು ಮಾಡುವಾಗ ತಾಮ್ರದ ಹಾಳೆಗೆ ಬೆಳಕಿಗೆ ಸ್ಪಂದಿಸುವ ಲೇಪ ಕೊಟ್ಟು, ಬೇಕಾದ ಗೆರೆಗಳಲ್ಲಿ ಅತಿನೇರಳೆ ಬೆಳಕು ಬೀಳಿಸಿ, ಡೆವಲಪ್ ಮಾಡಿ, ಉಳಿದ ತಾಮ್ರವನ್ನು ಕರಗಿಸುತ್ತಾರೆ. ಡಿಜಿಟಲ್ ಕ್ಯಾಮೆರಾ, ಮೊಬೈಲುಗಳ ಒಳಗಿನ ಬೋರ್ಡುಗಳು ಹುಟ್ಟುವುದೂ ಫೋಟೋಗ್ರಫಿಯಿಂದಲೇ. ಅದನ್ನು ಮಾಡುವ ಕೈಗಳು ಶಿಫ್ಟ್ ಮುಗಿಸಿ ಇಂಥವೇ ಅಂಗಡಿಗಳ ಮುಂದೆ ಟೀ ಲೋಟ ಹಿಡಿಯುತ್ತವೆ.

ನಿಂತವರು ಉಳಿಯುತ್ತಾರೆ

ಫೋಟೋಗ್ರಫಿಯ ಆದ್ಯರಲ್ಲೊಬ್ಬನಾದ ಲೂಯಿ ಡಗೇರ್ 1838ರಲ್ಲಿ ಪ್ಯಾರಿಸ್ಸಿನ ಬುಲೆವಾರ್ ದ್ಯು ತಾಂಪ್ಲ್ ಎಂಬ ಗಿಜಿಗುಟ್ಟುವ ಬೀದಿಯ ಚಿತ್ರ ತೆಗೆದ. ಎಕ್ಸ್‌ಪೋಶರು ಹಲವು ನಿಮಿಷ. ಓಡಾಡುವ ಗಾಡಿ, ಕುದುರೆ, ಜನ ಯಾರೂ ಒಂದೆಡೆ ನಿಲ್ಲಲಿಲ್ಲವಾದ್ದರಿಂದ ತಟ್ಟೆಯ ಮೇಲೆ ಗುರುತೂ ಉಳಿಯಲಿಲ್ಲ, ಬೀದಿ ಖಾಲಿ ಹೊಡೆಯುತ್ತದೆ. ಮೂಲೆಯಲ್ಲಿ ಒಬ್ಬ ಮಾತ್ರ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಕಾಲೆತ್ತಿ ನಿಂತಿದ್ದಾನೆ. ಮನುಷ್ಯರು ಮೂಡಿದ ಮೊಟ್ಟಮೊದಲ ಫೋಟೋಗಳಲ್ಲಿ ಇದೊಂದು. ಅದರಲ್ಲಿ ಉಳಿದದ್ದು ಬೀದಿಬದಿಯ ಪಾಲಿಶ್‌ನವನೂ ಅವನ ಗಿರಾಕಿಯೂ.

ರಾತ್ರಿಯ ತಾಂಡ್ಯದಲ್ಲಿ ಇದೇ ಭೌತಶಾಸ್ತ್ರವನ್ನು ಇಂದಿಗೂ ಕಾಣಬಹುದು. ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, ಶಟರನ್ನು ‘ಬಿ’ಗೆ ತಿರುಗಿಸಿ, ಬೀದಿದೀಪದ ಬೆಳಕಿನಲ್ಲಿ ತೆರೆದಿಡಬೇಕು. ಇಲ್ಲೊಂದು ತೊಡಕಿದೆ. ಲೆಕ್ಕದ ಪ್ರಕಾರ 10 ಸೆಕೆಂಡು ಸಾಕಾಗಬೇಕಾದ ಕಡೆ ಅನೇಕ ಫಿಲ್ಮುಗಳಿಗೆ 20 ಸೆಕೆಂಡೋ ಇನ್ನೂ ಹೆಚ್ಚೋ ಬೇಕಾಗುತ್ತದೆ. ಬೆಳಕಿನ ಕಣಗಳು ತಡವಾಗಿ ಬಂದರೆ, ಎರಡನೆಯ ಪರಮಾಣು ಸೇರುವ ಮೊದಲೇ ಮೊದಲನೆಯದು ಕರಗಿಹೋಗಿರುತ್ತದೆ. 19ನೇ ಶತಮಾನದ ಕೊನೆಗೆ ವಿಯೆನ್ನಾದಲ್ಲಿ ನಕ್ಷತ್ರಗಳ ಫೋಟೋ ತೆಗೆಯುತ್ತ ಈ ಕೊರತೆಯನ್ನು ಅಳೆದವನು ಕಾರ್ಲ್ ಶ್ವಾರ್ಜ್‌ಶೀಲ್ಡ್. ಮುಂದೆ ಕಪ್ಪುಕುಳಿಯ ಗಣಿತಕ್ಕೆ ಹೆಸರಾದವನೂ ಅವನೇ. ದೂರದ ನಕ್ಷತ್ರಕ್ಕೂ ಕಾರ್ಖಾನೆ ರಸ್ತೆಯ ಮಂಕು ದೀಪಕ್ಕೂ ಫಿಲ್ಮಿನ ಲೆಕ್ಕ ಒಂದೇ.

ಹಾಗೆ ತೆಗೆದ ನೆಗೆಟಿವಿನಲ್ಲಿ ಕಾರುಗಳು ಇರುವುದಿಲ್ಲ, ಹೆಡ್‌ಲೈಟಿನ ಗೆರೆಗಳಷ್ಟೇ ಇರುತ್ತವೆ. ಕಂಪನಿ ಬಸ್ಸಿಗಾಗಿ ಕಾಯುವವರು, ಗೇಟಿನ ಬಳಿ ಕುರ್ಚಿ ಹಾಕಿ ಕುಳಿತ ಸೆಕ್ಯುರಿಟಿ, ಲಾರಿಯ ಪಕ್ಕ ಸ್ಟವ್ ಹಚ್ಚಿ ಅಡುಗೆಗೆ ಕುಳಿತ ಡ್ರೈವರು ಇರುತ್ತಾರೆ. ರಸ್ತೆಯಲ್ಲಿ ಹಾದುಹೋದವರು ಯಾರನ್ನು ಗಮನಿಸಲಿಲ್ಲವೋ ಅವರೇ ಫಿಲ್ಮಿನಲ್ಲಿ ಉಳಿದವರು.

ಡೆವಲಪರು, ಹೈಪೋ, ನೀರು

ಕತ್ತಲಚೀಲದೊಳಗೆ ಕೈ ತೂರಿಸಿ ಫಿಲ್ಮನ್ನು ಸುರುಳಿಗೆ ಏರಿಸಿ ಡೆವಲಪಿಂಗ್ ಟ್ಯಾಂಕಿಗೆ ಹಾಕಿದರೆ ಉಳಿದ ಕೆಲಸ ಬೆಳಕಿನಲ್ಲೇ ಮಾಡಬಹುದು. 1927ರಿಂದ ಬಳಕೆಯಲ್ಲಿರುವ ಡಿ-76 ಡೆವಲಪರಿನ ಪಾಕ ಎಲ್ಲರಿಗೂ ತೆರೆದದ್ದು: ಲೀಟರು ನೀರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಇದರ ಕಾಲಪಟ್ಟಿ ಹೇಳುವುದು 20 ಡಿಗ್ರಿ ಸೆಲ್ಸಿಯಸ್ಸಿಗೆ. ಬೇಸಿಗೆಯಲ್ಲಿ ನಮ್ಮ ಕಡೆಯ ನಲ್ಲಿ ನೀರು ಅದಕ್ಕಿಂತ ಎಷ್ಟೋ ಬಿಸಿ. ಒಂದೊಂದು ಡಿಗ್ರಿ ಏರಿದರೂ ಕ್ರಿಯೆಯ ಕಾಲ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ, ಬಿಸಿ ಮಿತಿಮೀರಿದರೆ ಜಿಲಾಟಿನ್ ಉಬ್ಬಿ ಮೆತ್ತಗಾಗುತ್ತದೆ. ಡೆವಲಪರಿನ ಬಾಟಲಿಯನ್ನು ಐಸ್ ಹಾಕಿದ ಬಕೆಟ್ಟಿನಲ್ಲಿ ನಿಲ್ಲಿಸಿಕೊಂಡರೆ ತೊಂದರೆಯಿಲ್ಲ. ಬೋರ್‌ವೆಲ್ ನೀರಿನ ಸುಣ್ಣದಂಶ ಒಣಗಿದ ಮೇಲೆ ಬಿಳಿ ಕಲೆಯಾಗುವುದರಿಂದ ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರ್ ಒಳ್ಳೆಯದು.

ಬೆಳಕು ತಾಗದ ಹರಳುಗಳನ್ನು ಕರಗಿಸಿ ತೆಗೆಯುವುದು ಸ್ಟುಡಿಯೋದವರು ಹೈಪೋ ಎನ್ನುವ ಸೋಡಿಯಂ ಥಯೋಸಲ್ಫೇಟ್. ಬೆಳ್ಳಿಯ ಲವಣಗಳನ್ನು ಅದು ಕರಗಿಸುತ್ತದೆಂದು ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ, ಅದನ್ನು ಚರಂಡಿಗೆ ಸುರಿಯಬಾರದು. ನೀರಿನ ಸೂಕ್ಷ್ಮಜೀವಿಗಳಿಗೆ ಕರಗಿದ ಬೆಳ್ಳಿ ವಿಷ, ನಮ್ಮ ಚರಂಡಿಗಳ ಕೊನೆ ಕಪಿಲೆ. ಉಕ್ಕಿನ ನಾರಿನ ಉಂಡೆ ಹಾಕಿಟ್ಟರೆ ಕಬ್ಬಿಣ ಕರಗಿ, ಬೆಳ್ಳಿ ಮಣ್ಣಿನಂತೆ ತಳಕ್ಕೆ ಇಳಿಯುತ್ತದೆ. ಸೋಸಿ ತೆಗೆದಿಡಬಹುದು.

ಯಾವುದಕ್ಕೆ ಬೆಳ್ಳಿ

ಕನ್ನಡ ನಾಡಿನಲ್ಲಿ ಕ್ಯಾಮೆರಾ ಮೊದಮೊದಲು ಹೋದದ್ದು ಗುಡಿಗಳ ಕಡೆಗೆ. 1854ರಲ್ಲಿ ಲಿನ್ಯಾಯಸ್ ಟ್ರೈಪ್ ಬೇಲೂರು ಹಳೇಬೀಡುಗಳ ಚಿತ್ರ ತೆಗೆದ. ಆ ಚಿತ್ರಗಳಿಗೆ ಬೆಲೆಯಿದೆ. ಆದರೆ ಗುಡಿಯ ಮುಂದಿನ ಅಂಗಡಿ ಆಗ ಹೇಗಿತ್ತೆಂದು ತಿಳಿಯಬೇಕಾದರೆ ಹುಡುಕಿ ಸೋಲುತ್ತೇವೆ. ಪ್ಯಾರಿಸ್ಸಿನಲ್ಲಿ ಯುಜೀನ್ ಅಜೆ 1927ರಲ್ಲಿ ಸಾಯುವವರೆಗೂ ಮೂರು ದಶಕ ಭಾರದ ಕ್ಯಾಮೆರಾ ಹೊತ್ತು ಅಂಗಡಿ ಬಾಗಿಲು, ಓಣಿ, ಚಿಂದಿ ಆಯುವವರ ಗುಡಿಸಲುಗಳನ್ನು ತೆಗೆದ. ಆ ನಗರ ಹೇಗೆ ಬದುಕಿತ್ತೆಂದು ಇಂದು ಓದುವವರು ಅವನ ತಟ್ಟೆಗಳನ್ನು ತೆರೆಯುತ್ತಾರೆ. ನಮ್ಮಲ್ಲಿ ಈ ದಾರಿ ತುಳಿದವರು ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರ ಕ್ಯಾಮೆರಾ ಜೀವನವಿಡೀ ಸಾಮಾನ್ಯ ಜನರ ಕಡೆಗೇ ತಿರುಗಿತ್ತು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು.

ಅಂದಿನ ಫಿಲ್ಮು ನಮಗೆ ದೂರದ್ದೂ ಆಗಿರಲಿಲ್ಲ. ನಂಜನಗೂಡಿನ ಮೇಲೆ ಹಾದುಹೋಗುವ ರಸ್ತೆಯಲ್ಲೇ ಗುಂಡ್ಲುಪೇಟೆ ದಾಟಿ ಘಟ್ಟ ಹತ್ತಿದರೆ ಊಟಿ. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅಲ್ಲಿತ್ತು. ‘ಇಂದು’ ಹೆಸರಿನ ಅದರ ಫಿಲ್ಮು, ಎಕ್ಸ್‌ರೇ ಹಾಳೆ ದೇಶವೆಲ್ಲ ಹರಡಿದ್ದವು. ಕಾರ್ಖಾನೆ ಮುಚ್ಚಿತು. ಊರೂರಿನ ಸ್ಟುಡಿಯೋಗಳು ಬಾಗಿಲು ಹಾಕಿದಾಗ ಎಷ್ಟೋ ನೆಗೆಟಿವುಗಳು ಬೆಳ್ಳಿಗಾಗಿ ತೂಕಕ್ಕೆ ಹೋದವು. ಒಂದು ರೋಲಿನಲ್ಲಿ ಸಿಗುವ ಬೆಳ್ಳಿ ಒಂದು ಗ್ರಾಮಿಗೂ ಕಡಿಮೆ. ಅಷ್ಟಕ್ಕಾಗಿ ಊರಿನ ಮುಖಗಳನ್ನೇ ಕಳೆದುಕೊಂಡೆವು.

ಉಳಿದಿರುವುದನ್ನು ಕಾಪಾಡುವುದು ಕಷ್ಟವಲ್ಲ. ಜಿಲಾಟಿನ್ ಬೂಷ್ಟಿಗೆ ಆಹಾರ, ಹಾಗಾಗಿ ಮಳೆಗಾಲದಲ್ಲಿ ನೆಗೆಟಿವುಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಬೇಕು. ಅಸಿಟೇಟ್ ಹಾಳೆಯ ಫಿಲ್ಮು ಸೆಕೆ ತೇವಗಳಿಗೆ ಕೆಟ್ಟು ವಿನೆಗರಿನ ವಾಸನೆ ಹೊಡೆಯತೊಡಗಿದರೆ ಬೇರೆಯವುಗಳಿಂದ ದೂರವಿಟ್ಟು ಕೂಡಲೇ ಸ್ಕ್ಯಾನ್ ಮಾಡಬೇಕು. ಎಲ್ಲಕ್ಕಿಂತ ಮುಖ್ಯ, ಪ್ರತಿ ಪಟ್ಟಿಯ ಕವರಿನ ಮೇಲೆ ಊರು, ರಸ್ತೆ, ಯಾವ ದಿಕ್ಕಿಗೆ ತಿರುಗಿ ತೆಗೆದದ್ದು, ದಿನಾಂಕ, ಹೊತ್ತು ಬರೆಯಬೇಕು. ಇದನ್ನು ಬರೆದಿಟ್ಟ ಟೀ ಅಂಗಡಿಯ ಚಿತ್ರ ಮುಂದೆ ಕೂಲಿಯ ಚರಿತ್ರೆ ಬರೆಯುವವರಿಗೆ, ಊರಿನ ಬೆಳವಣಿಗೆ ಅಳೆಯುವವರಿಗೆ ಪುರಾವೆ. ಬರೆಯದಿದ್ದರೆ ಅದು ಎಲ್ಲಿಯದೋ ಒಂದು ಅಂಗಡಿ.

ತಾಂಡ್ಯದಂಥ ಜಾಗಗಳು ಬೇಗ ಬದಲಾಗುತ್ತವೆ. ಶೀಟಿನ ಅಂಗಡಿ ರಸ್ತೆ ಅಗಲೀಕರಣಕ್ಕೆ ಹೋಗಬಹುದು, ಕಾರ್ಖಾನೆ ಕೈ ಬದಲಾಗಬಹುದು. ಗೋಪುರ ಮುಂದಿನ ನೂರು ವರ್ಷವೂ ಅಲ್ಲೇ ಇರುತ್ತದೆ, ಅದನ್ನು ತೆಗೆಯುವವರಿಗೂ ಕೊರತೆಯಿಲ್ಲ. ನಿಮ್ಮ ಮನೆಯ ಅಟ್ಟದಲ್ಲೊಂದು ಹಳೇ ಕ್ಯಾಮೆರಾ ಇದ್ದರೆ ಅದರ ಲೆನ್ಸು ಒರೆಸಿ, ಒಂದು ರೋಲು ತುಂಬಿಸಿ, ನೀವು ದಿನವೂ ದಾಟುವ ರಸ್ತೆಗೇ ಹೋಗಿ. ಅಲ್ಲಿರುವವರ ಒಪ್ಪಿಗೆ ಕೇಳಿ, ನೆರಳನ್ನು ಅಳೆದು ಶಟರು ಒತ್ತಿ. ಒಂದು ಪ್ರಿಂಟನ್ನು ಅವರ ಕೈಗೇ ಕೊಟ್ಟುಬನ್ನಿ, ಇನ್ನೊಂದನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.